ಕೊಡೆ ಹಾಡಿನ ಹನ್ನೊಂದು ನಿಮಿಷ

ಅವಳು ಅಮ್ಮನ ಹೊಟ್ಟೆಯಿಂದಲೇ ಎರಡು ವಾರ ತಡವಾಗಿ ಬಂದವಳು ಎಂದು ನಮ್ಮ ಬೀದಿಯವರು ಹೇಳುತ್ತಿದ್ದರು. ಹೇಳುತ್ತಿದ್ದವರಲ್ಲಿ ಯಾರೂ ಆ ಹೆರಿಗೆಯ ಹತ್ತಿರ ಸುಳಿದವರಲ್ಲ. ಆದರೆ ನೋಡದೇ ಇದ್ದದ್ದನ್ನು ಕಣ್ಣಿಗೆ ಕಟ್ಟುವಂತೆ ಹೇಳುವುದರಲ್ಲಿ ನಮ್ಮ ಬೀದಿಯನ್ನು ಮೀರಿಸುವ ಬೀದಿ ಇನ್ನೊಂದಿಲ್ಲ. ಮೂಲೆಮನೆ ಅಜ್ಜಿಯಂತೂ, ಆ ಮಗು ಹುಟ್ಟಿದ ಮೇಲೂ ತಕ್ಷಣ ಅಳಲಿಲ್ಲ, ಒಂದು ಸಲ ಸುತ್ತ ನೋಡಿತು, ಕೋಣೆಯಲ್ಲಿದ್ದವರೆಲ್ಲ ಮಾತು ನಿಲ್ಲಿಸಿದ ಮೇಲೆ ಸಾವಕಾಶವಾಗಿ ಅತ್ತಿತು ಎಂದು ಆಣೆ ಇಟ್ಟು ಹೇಳುತ್ತಿದ್ದಳು. ಹೀಗೆ ಅವಳಿಗೆ ನಿಧಾನಕ್ಕ ಎಂದು ಹೆಸರು ಬಿತ್ತು. ಬಿದ್ದ ಹೆಸರು ಎದ್ದು ಹೋಗಲಿಲ್ಲ.

ಮಜಾ ಏನೆಂದರೆ, ಈ ನಿಧಾನಕ್ಕ ಇಪ್ಪತ್ತಾರು ವರ್ಷ ಕೋರ್ಟಿನಲ್ಲಿ ಸ್ಟೆನೋ ಆಗಿ ದುಡಿದಳು, ಒಂದೇ ಒಂದು ದಿನವೂ ತಡವಾಗಿ ಹೋದವಳಲ್ಲ. ಜಡ್ಜ್ ಸಾಹೇಬರು ಬಂದು ಕನ್ನಡಕ ಹುಡುಕುವಷ್ಟರಲ್ಲಿ ಅವಳ ಮೂರು ಪೆನ್ಸಿಲುಗಳು ಮೂತಿ ಚೂಪು ಮಾಡಿಕೊಂಡು ಸಾಲಾಗಿ ಮಲಗಿರುತ್ತಿದ್ದವು. ವಕೀಲರು ಎಷ್ಟೇ ಜೋರಾಗಿ ಮಾತಿನ ಮಳೆ ಸುರಿಸಿದರೂ ಒಂದು ಹನಿ ಆಚೆ ಬೀಳಲು ಬಿಡುತ್ತಿರಲಿಲ್ಲ. ಅವಳು ತಡ ಮಾಡುತ್ತಿದ್ದದ್ದು ಹಾಡುವಾಗ ಮಾತ್ರ. ಆದರೆ ಬೀದಿಗೆ ಇಷ್ಟು ಸೂಕ್ಷ್ಮ ಯಾರಿಗೆ ಬೇಕು? ನಿಧಾನಕ್ಕ ಅಂದರೆ ನಿಧಾನಕ್ಕ.

ಅವಳು ಇದ್ದದ್ದು ಅಣ್ಣನ ಮನೆಯಲ್ಲಿ, ಅಂದರೆ ಅಪ್ಪ ಕಟ್ಟಿಸಿದ ಮನೆಯಲ್ಲಿ. ಅಣ್ಣ ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರು. ಅಂಗಡಿಗಳಿಗೆ ಹೋಗಿ ತಕ್ಕಡಿ ನೋಡಿ, ಬಟ್ಟು ನೋಡಿ, ಮೀಟರು ಕೋಲು ನೋಡಿ ಮುದ್ರೆ ಒತ್ತಿ ಬರುವ ಕೆಲಸ. ಊರೆಲ್ಲ ಅವರನ್ನು ತೂಕದ ಸಾಹೇಬರು ಎಂದು ಕರೆಯುತ್ತಿತ್ತು. ಮನೆಗೆ ಬಂದ ಮೇಲೂ ಮುದ್ರೆ ಒತ್ತುವ ಚಟ ಅವರನ್ನು ಬಿಟ್ಟಿರಲಿಲ್ಲ. ಹಾಲು ಕಾದದ್ದು ಹೆಚ್ಚಾಯಿತು, ಬಾಗಿಲು ಹಾಕಿದ್ದು ಜೋರಾಯಿತು, ಪಕ್ಕದ ಮನೆಯವರು ನಕ್ಕದ್ದು ಅಗತ್ಯಕ್ಕಿಂತ ಎರಡು ಸಲ ಜಾಸ್ತಿಯಾಯಿತು. ಮೂರನೆಯವಳು ಅತ್ತಿಗೆ. ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗಕ್ಕೆ ಮೇಲ್ವಿಚಾರಕಿ. ದಿನಕ್ಕೆ ಆರು ನೂರು ಹೊದಿಕೆಗಳ ಕಲೆ ನೋಡಿದ ಹೆಂಗಸು, ಆದ್ದರಿಂದ ಯಾವುದಕ್ಕೂ ಗಾಬರಿಯಾಗುತ್ತಿರಲಿಲ್ಲ.

ಈ ಮನೆಗೆ ಒಂದು ದೊಡ್ಡ ಆಸ್ತಿಯಿತ್ತು. ಒಂದು ಹಾಡು.

ಅವರ ಅಪ್ಪ ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುತ್ತಿದ್ದವರು. ಇಡೀ ಜನ್ಮದಲ್ಲಿ ಬರೆದದ್ದು ಒಂದೇ ಹಾಡು. ಕಚೇರಿಯ ವಾರ್ಷಿಕೋತ್ಸವದಲ್ಲಿ ಚಪ್ಪಾಳೆಯ ತಾಳಕ್ಕೆ ಹಾಡಿದರು. ಅದು ಹೇಗೋ ರೇಡಿಯೋಗೆ ಹೋಯಿತು, ರೇಡಿಯೋದಿಂದ ಬಾಯಿಗೆ ಬಂತು, ಬಾಯಿಗೆ ಬಂದದ್ದು ಊರು ಬಿಟ್ಟು ಹೋಗಲೇ ಇಲ್ಲ.

ಅವಸರದಲ್ಲಿ ಹೋದವರೇ,
ನಿಮ್ಮ ಕೊಡೆ ಇಲ್ಲೇ ಇದೆ.
ಮಳೆ ನಿಂತು ಬಿಸಿಲು ಬಂತು,
ನಿಮ್ಮ ಕೊಡೆ ಇಲ್ಲೇ ಇದೆ.

ಕುದುರೆ ಓಡುವ ಹಾಗಿನ ತಾಳ. ಎರಡೂವರೆ ನಿಮಿಷದಲ್ಲಿ ಶುರುವಾಗಿ ಮುಗಿಯುತ್ತಿತ್ತು. ಮದುವೆಗಳಲ್ಲಿ ಹಾಡುತ್ತಿದ್ದರು, ಶಾಲೆಯಲ್ಲಿ ಮಕ್ಕಳ ಕೈಗೆ ಬಣ್ಣದ ಕೊಡೆ ಕೊಟ್ಟು ಕುಣಿಸುತ್ತಿದ್ದರು, ನಗರಸಭೆಗೆ ಫೋನು ಮಾಡಿದರೆ ಯಾರಾದರೂ ಎತ್ತುವವರೆಗೆ ಇದೇ ಹಾಡು. ಯಾರೂ ಎತ್ತುತ್ತಿರಲಿಲ್ಲವಾದ್ದರಿಂದ ಹಾಡು ಪೂರ್ತಿ ಕೇಳುವ ಭಾಗ್ಯ ಎಲ್ಲರಿಗೂ ಸಿಗುತ್ತಿತ್ತು. ಬೆಳಿಗ್ಗೆ ಏಳಕ್ಕೆ ಕಸದ ಗಾಡಿ ಬರುವುದೂ ಇದೇ ಹಾಡು ಹಾಕಿಕೊಂಡು. ನಾವು ಕಣ್ಣುಜ್ಜಿಕೊಂಡು ಡಬ್ಬ ಹಿಡಿದು, ‘ನಿಮ್ಮ ಕೊಡೆ ಇಲ್ಲೇ ಇದೆ’ ಎಂದು ಗುನುಗಿಕೊಂಡು ಹೋಗಿ ಸಿಪ್ಪೆ ಸುರಿದು ಬರುತ್ತಿದ್ದೆವು. ಕಲೆಗೆ ಒಂದು ಊರು ಇದಕ್ಕಿಂತ ಹೆಚ್ಚಿನ ಗೌರವ ಕೊಡುವುದು ಸಾಧ್ಯವೇ?

ತೂಕದ ಸಾಹೇಬರು ಈ ಹಾಡಿನ ಕಾವಲುಗಾರರು. ದಾರಿಯಲ್ಲಿ ಯಾರಾದರೂ ತಪ್ಪು ಹಾಡಿದರೆ ಸ್ಕೂಟರು ನಿಲ್ಲಿಸಿ ತಿದ್ದುತ್ತಿದ್ದರು.

“ಅಲ್ಲಿ ಎಳೀಬಾರದು ಕಣಪ್ಪ. ತಟ್ಟು, ತಟ್ಟು, ಮುಂದಕ್ಕೆ ಹೋಗು. ಚಪ್ಪಾಳೆ ಮೇಲೆ ಹೋಗಬೇಕು.”

ಇನ್ನೊಂದು ಸಂಗತಿ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ನಿಧಾನಕ್ಕನಿಗೆ ನಾಲ್ಕು ವರ್ಷ, ಅಣ್ಣನಿಗೆ ಹನ್ನೆರಡು ಇದ್ದಾಗ ಅವರ ಅಮ್ಮ ತವರಿಗೆ ಹೋದರು. ಕೇಳಿದವರಿಗೆಲ್ಲ ಅಪ್ಪ ಹೇಳಿದ್ದು ಅಷ್ಟೇ, ತವರಿಗೆ ಹೋಗಿದ್ದಾಳೆ. ನಲವತ್ಮೂರು ವರ್ಷ ಕಳೆದರೂ ಅವರು ತವರಿಗೆ ಹೋಗಿಯೇ ಇದ್ದರು. ಬೀದಿಗೆ ಎಲ್ಲ ಗೊತ್ತಿತ್ತು. ಅಮ್ಮ ಹೋದದ್ದೂ ಗೊತ್ತಿತ್ತು, ಹಾಡೂ ಗೊತ್ತಿತ್ತು. ಎರಡನ್ನೂ ಒಟ್ಟಿಗೆ ಇಟ್ಟು ನೋಡುವ ಬುದ್ಧಿ ಮಾತ್ರ ನಮಗೆ ಬರಲಿಲ್ಲ. ತಾಳ ಅಷ್ಟು ಚೆನ್ನಾಗಿತ್ತು.

ನಿಧಾನಕ್ಕನಿಗೆ ಅದು ಬಂದದ್ದು ಇಪ್ಪತ್ತೊಂದನೇ ವಯಸ್ಸಿನಲ್ಲಿ. ಆಗ ಶಾರ್ಟ್‌ಹ್ಯಾಂಡ್ ಕಲಿಯುತ್ತಿದ್ದಳು. ಕಲಿಸುವ ಟೀಚರು ಕಟ್ಟುನಿಟ್ಟಿನ ಹೆಂಗಸು. ಅವರದ್ದು ಒಂದೇ ಪಾಠ.

“ಮಾತಾಡೋರ ಹಿಮ್ಮಡಿ ತುಳೀಬೇಡಮ್ಮ. ಮೂರು ಮಾತು ಹಿಂದೆ ನಡಿ. ಹಿಂದೆ ಇದ್ರೇನೇ ಅವರು ಎಲ್ಲಿಗೆ ಹೊರಟಿದ್ದಾರೆ ಅಂತ ಕಾಣೋದು.”

ಒಳ್ಳೆಯ ಸ್ಟೆನೋ ಯಾವಾಗಲೂ ಮೂರು ಮಾತು ಹಿಂದೆಯೇ ಇರುತ್ತಾರಂತೆ. ಕೇಳುತ್ತಿರುವುದು ಒಂದು, ಬರೆಯುತ್ತಿರುವುದು ಅದಕ್ಕಿಂತ ಮೊದಲಿನದು. ನಡುವಿನ ಮೂರು ಮಾತನ್ನು ಮಡಿಲಲ್ಲಿ ಇಟ್ಟುಕೊಂಡಿರಬೇಕು. ಒಂದು ದಿನ ಅಭ್ಯಾಸಕ್ಕೆಂದು ರೇಡಿಯೋ ಹಾಕಿದಳು, ಅಪ್ಪನ ಹಾಡು ಬಂತು, ಗೀಚಿಕೊಂಡಳು. ಆಮೇಲೆ ಶಾರ್ಟ್‌ಹ್ಯಾಂಡಿನ ಕೊಕ್ಕೆ, ಡೊಂಕುಗಳನ್ನು ಅಕ್ಷರಕ್ಕೆ ತಂದು, ರಾಗವಿಲ್ಲದೆ, ಚಪ್ಪಾಳೆಯಿಲ್ಲದೆ, ಸಾಕ್ಷಿಯ ಹೇಳಿಕೆ ಓದುವ ಹಾಗೆ ಓದಿದಳು. ಯಾರೋ ಹೋಗಿದ್ದಾರೆ. ಬಂದಿಲ್ಲ. ಕೊಡೆ ತೆಗೆದುಕೊಂಡು ಹೋಗುವುದಕ್ಕೂ ಬಂದಿಲ್ಲ. ಕೊನೆಯ ಚರಣ ಹೀಗಿತ್ತು:

ಮಕ್ಕಳು ಮುಟ್ಟದ ಹಾಗೆ
ಮೇಲೆ ತೂಗು ಹಾಕಿದೆ.

ಅಂದರೆ ಮನೆಯಲ್ಲಿ ಮಕ್ಕಳಿದ್ದಾರೆ. ಆ ಮಕ್ಕಳಲ್ಲಿ ಚಿಕ್ಕದು ತಾನು. ಅವಳು ಪುಸ್ತಕ ಮುಚ್ಚಿ, ಅಡಿಗೆಮನೆಗೆ ಹೋಗಿ ಒಂದು ಲೋಟ ನೀರು ಕುಡಿದು, ಯಾರಿಗೂ ಏನೂ ಹೇಳಲಿಲ್ಲ.

ಹೇಳದೇ ಇದ್ದದ್ದು ಹಾಡಿನಲ್ಲಿ ಹೊರಗೆ ಬಂತು. ನಮ್ಮ ಹಲ್ಲಿನ ಡಾಕ್ಟರಿಗೆ ಪಿಯಾನೋ ಹುಚ್ಚು. ಶನಿವಾರ ಮಧ್ಯಾಹ್ನ ಕ್ಲಿನಿಕ್ಕಿಗೆ ಬಾಗಿಲು ಹಾಕಿ, ಸ್ಟೇಷನ್ ಎದುರಿನ ದೊಡ್ಡ ಹೋಟೆಲಿನಲ್ಲಿ ಜಾಜ್ ನುಡಿಸುತ್ತಿದ್ದರು. ಜೊತೆಗೆ ಆಳೆತ್ತರದ ಪಿಟೀಲು ತಬ್ಬಿಕೊಂಡು ನಿಲ್ಲುವ ಲಿಫ್ಟ್ ಮೆಕ್ಯಾನಿಕ್ಕು, ಡ್ರಮ್ಮು ಬಾರಿಸುವ ಒಬ್ಬ ಗಾರೆ ಮೇಸ್ತ್ರಿ. ಹಲ್ಲು ತೋರಿಸಲು ಹೋದ ನಿಧಾನಕ್ಕ ಕುರ್ಚಿಯಲ್ಲಿ ಕಾಯುತ್ತ ಏನೋ ಗುನುಗಿದಳಂತೆ, ಡಾಕ್ಟರು ಕೊರೆಯುವ ಮೆಷಿನ್ನು ನಿಲ್ಲಿಸಿದರಂತೆ. ಆ ಶನಿವಾರದಿಂದ ಅವಳು ಹೋಟೆಲಿನ ಹಾಡುಗಾರ್ತಿ. ಹತ್ತೊಂಬತ್ತು ವರ್ಷ ಹಾಡಿದಳು, ಟೀ ಕಪ್ಪುಗಳ ಸದ್ದಿನ ಮೇಲೆ, ರೈಲಿಗೆ ಕಾಯುವವರ ಹರಟೆಯ ಕೆಳಗೆ.

ನಮ್ಮ ಊರಿನಲ್ಲಿ ಹಾಡುವವರಿಗೆ ಕೊಡೆ ಹಾಡಿನಿಂದ ಬಿಡುಗಡೆಯಿಲ್ಲ. ವಾರಕ್ಕೊಮ್ಮೆ ಯಾರಾದರೂ ಚೀಟಿ ಕಳಿಸುತ್ತಿದ್ದರು. ಅವಳು ಹಾಡುತ್ತಿದ್ದಳು, ತನ್ನ ರೀತಿಯಲ್ಲಿ.

ಆ ರೀತಿ ಹೇಗಿತ್ತು ಎಂದರೆ, ಪಿಯಾನೋ ತನ್ನ ಮೊದಲ ಹೆಜ್ಜೆ ಇಡುತ್ತಿತ್ತು, ಅವಳು ಇಡುತ್ತಿರಲಿಲ್ಲ. ಗೇಟಿನಲ್ಲಿ ಯಾರೋ ಕೂಗಿದ ಹಾಗೆ ತಲೆಯೆತ್ತಿ ನೋಡುತ್ತಿದ್ದಳು ಅಷ್ಟೇ. ಪಿಯಾನೋ ಎರಡನೆಯ ಹೆಜ್ಜೆಗೆ ಕಾಲೆತ್ತಿದಾಗ, ಇನ್ನೇನು ತಪ್ಪಿತು ಅನ್ನುವಾಗ, ‘ಅವಸರದಲ್ಲಿ’ ಎನ್ನುತ್ತಿದ್ದಳು, ಸ್ವಲ್ಪವೂ ಅವಸರವಿಲ್ಲದೆ. ರಾಗ ಮೇಲಕ್ಕೆ ಹತ್ತಬೇಕಾದ ಕಡೆ ಅವಳು ಹತ್ತುತ್ತಿರಲಿಲ್ಲ, ಒಂದೇ ಸ್ವರದ ಮೇಲೆ ಮಾತಾಡುವ ಹಾಗೆ ನಿಂತುಬಿಡುತ್ತಿದ್ದಳು. ‘ನಿಮ್ಮ ಕೊಡೆ’ ಎಂದು ಹೇಳಿ ಸುಮ್ಮನಾಗುತ್ತಿದ್ದಳು. ತಾಳ ಮುಂದೆ ಹೋಗಿಬಿಡುತ್ತಿತ್ತು. ಆಮೇಲೆ, ತಾಳ ಅವಳನ್ನು ಮರೆತೇಬಿಟ್ಟಿತು ಅನ್ನುವಾಗ, ಹಿಂದಿನಿಂದ ಬಂದು ಅದರ ಹೆಗಲು ಮುಟ್ಟಿದ ಹಾಗೆ ‘ಇಲ್ಲೇ ಇದೆ.’ ಚರಣದ ಕೊನೆಗೆ ಇಬ್ಬರೂ ಸರಿಯಾಗಿ ಒಂದೇ ಬಾಗಿಲಲ್ಲಿ ಸೇರುತ್ತಿದ್ದರು.

ಬೀದಿಯ ತೀರ್ಪು ಏನೆಂದರೆ, ಅವಳಿಗೆ ತಾಳ ಗೊತ್ತಿಲ್ಲ. ಸಂಗೀತದ ಬಗ್ಗೆ ನಮಗೆ ಹಲ್ಲು ಕೀಳುವ ವಿದ್ಯೆಯ ಬಗ್ಗೆ ಇದ್ದಷ್ಟೇ ಜ್ಞಾನವಿತ್ತು. ಆದರೆ ತೀರ್ಪಿಗೆ ಜ್ಞಾನ ಯಾಕೆ? ಡಾಕ್ಟರು ಒಮ್ಮೆ ವಿವರಿಸಲು ನೋಡಿದರು.

“ತಾಳ ಅವಳಿಗೆ ನನಗಿಂತ ಚೆನ್ನಾಗಿ ಗೊತ್ತು ಮಾರಾಯ್ರೇ. ನಾನು ನಿಲ್ಲದೆ ನಡೀತಾ ಇರಬೇಕು, ಅವಳು ಹಿಂದೆ ಬರ್ತಾಳೆ. ನಾನು ನಿಂತುಬಿಟ್ರೆ ಕೆಡ್ತು, ಅವಳು ಹಿಂದೆ ಬೀಳೋದಕ್ಕೆ ಜಾಗವೇ ಇರಲ್ಲ.”

ನಾವು ತಲೆಯಾಡಿಸಿ, ಡಾಕ್ಟರಿಗೆ ಅವಳ ಮೇಲೆ ಒಂದು ಕಣ್ಣು ಎಂದುಕೊಂಡು ಬಂದೆವು. ನಮಗೆ ಅರ್ಥವಾಗದ್ದಕ್ಕೆಲ್ಲ ನಾವು ಇದೊಂದೇ ಕಾರಣ ಹುಡುಕುತ್ತಿದ್ದದ್ದು.

ತೂಕದ ಸಾಹೇಬರು ಹೋಟೆಲಿನ ಕಡೆ ಒಂದು ಸಲವೂ ತಲೆ ಹಾಕಲಿಲ್ಲ. ಶನಿವಾರ ಅವಳು ಹೊರಟರೆ ಹೆಂಡತಿಯ ಕಡೆ ನೋಡಿ, “ಹೊರಟಳಾ ಅಪ್ಪನ ಹಾಡಿನ ಕೈಕಾಲು ಮುರಿಯೋದಕ್ಕೆ?” ಎನ್ನುತ್ತಿದ್ದರು.

“ಮುರಿದ್ರೆ ನಮ್ಮ ಆಸ್ಪತ್ರೆ ಇದೆಯಲ್ಲ,” ಎನ್ನುತ್ತಿದ್ದಳು ಅತ್ತಿಗೆ.

ಹೀಗೇ ನಡೆದುಕೊಂಡು ಹೋಗುತ್ತಿತ್ತು. ಆದರೆ ಹಾಡಿಗೆ ನಲವತ್ತು ತುಂಬಿತು. ನಗರಸಭೆ ಸನ್ಮಾನ ಮಾಡಲು ಹೊರಟಿತು. ಹಾಡಿಗೆ ಶಾಲು ಹೊದಿಸಲು ಬರುವುದಿಲ್ಲವಾದ್ದರಿಂದ ಸಾಹೇಬರಿಗೆ ಹೊದಿಸುವುದು ಎಂದಾಯಿತು. ಹಾಡುವುದಕ್ಕೆ ಯಾರು? ಬರೆದವರ ಮಗಳೇ ಊರಿನಲ್ಲಿ ಹಾಡುಗಾರ್ತಿಯಾಗಿರುವಾಗ ಹೊರಗಿನವರನ್ನು ಕರೆಸಿದರೆ ಜನ ಏನಂದುಕೊಂಡಾರು? ಸಾಹೇಬರು ಮೂರು ದಿನ ಊಟ ಸೇರದೆ ಓಡಾಡಿ, ಕೊನೆಗೆ ತಂಗಿಯ ಕೋಣೆಯ ಬಾಗಿಲಲ್ಲಿ ನಿಂತರು.

“ನೋಡು, ಇಡೀ ಊರು ಬರುತ್ತೆ. ಒಂದು ಸಲ ನೆಟ್ಟಗೆ ಹಾಡಿಬಿಡು. ಎರಡೂವರೆ ನಿಮಿಷ. ಅಷ್ಟೇ ನಾನು ಕೇಳೋದು.”

“ನೋಡ್ತೀನಿ ಅಣ್ಣ.”

“ನೋಡೋದಲ್ಲ, ಹಾಡೋದು.”

“ಪ್ರಯತ್ನ ಮಾಡ್ತೀನಿ ಅಂದೆ.”

ಈ ಮಾತಿನ ಮೇಲೆ ಸಾಹೇಬರಿಗೆ ನಂಬಿಕೆ ಬರಲಿಲ್ಲ. ಬಟ್ಟಿಗೆ ಮುದ್ರೆ ಇಲ್ಲದೆ ತಕ್ಕಡಿ ನಂಬುವ ಜನವಲ್ಲ ಅವರು. ಆದ್ದರಿಂದ ಮುಂಜಾಗ್ರತೆ ವಹಿಸಿದರು. ಗಾರೆ ಮೇಸ್ತ್ರಿ ಸಭಾಂಗಣಕ್ಕೆ ತಕ್ಕವನಲ್ಲ, ಪ್ಯಾಂಟಿಗೆ ಸಿಮೆಂಟು ಮೆತ್ತಿರುತ್ತದೆ ಎಂದು ಅವನನ್ನು ಬಿಡಿಸಿ, ಅಗ್ನಿಶಾಮಕ ದಳದ ಬ್ಯಾಂಡಿನಿಂದ ಒಬ್ಬ ಡ್ರಮ್ಮಿನವರನ್ನು ಕರೆಸಿದರು. ಇಸ್ತ್ರಿ ಹಾಕಿದ ಸಮವಸ್ತ್ರದ, ಮೀಸೆಯ ತುದಿಯಲ್ಲೂ ಶಿಸ್ತು ಇರುವ ಸಜ್ಜನ. ಅವರ ಕಿವಿಯಲ್ಲಿ ಸಾಹೇಬರು ಒಂದು ಮಾತು ಹೇಳಿದರು.

“ನನ್ನ ತಂಗಿ ಸ್ವಲ್ಪ ಹಿಂದೆ ಬೀಳ್ತಾಳೆ. ಬಿಟ್ಟು ಹೋಗಬೇಡಿ. ಅವಳಿಗೋಸ್ಕರ ಸ್ವಲ್ಪ ಕಾಯಿರಿ. ಮರ್ಯಾದೆ ಪ್ರಶ್ನೆ.”

“ನಮ್ಮ ದಳದಲ್ಲಿ ಯಾರನ್ನೂ ಹಿಂದೆ ಬಿಟ್ಟು ಬಂದ ದಾಖಲೆ ಇಲ್ಲ ಸಾರ್,” ಎಂದರು ಅವರು.

ಡಾಕ್ಟರಿಗೆ ಇದು ಗೊತ್ತಾಗಲಿಲ್ಲ. ಗೊತ್ತಾಗಿದ್ದರೆ ಆ ಸಂಜೆ ಬೇರೆಯದೇ ಆಗುತ್ತಿತ್ತು.

ಸಭಾಂಗಣ ತುಂಬಿತ್ತು. ಮೊದಲ ಸಾಲಿನಲ್ಲಿ ಶಾಲು ಹೊದ್ದ ಸಾಹೇಬರು, ಪಕ್ಕದಲ್ಲಿ ಅತ್ತಿಗೆ, ನಗರಸಭೆಯ ಅಧ್ಯಕ್ಷರು. ಹಿಂದೆ ನಾವು, ಕೈ ಉಜ್ಜಿಕೊಂಡು ಚಪ್ಪಾಳೆಗೆ ಸಿದ್ಧರಾಗಿ. ಡಾಕ್ಟರು ಶುರು ಮಾಡಿದರು, ಕುದುರೆ ಹೊರಟಿತು, ನಾವು ತಟ್ಟತೊಡಗಿದೆವು. ನಿಧಾನಕ್ಕ ಪ್ರಯತ್ನ ಮಾಡಿದಳು, ಸುಳ್ಳಲ್ಲ. ‘ಅವಸರದಲ್ಲಿ ಹೋದವರೇ’ ಎಂಬುದನ್ನು ಸುಮಾರಾಗಿ ನೆಟ್ಟಗೇ ಹಾಡಿದಳು. ‘ನಿಮ್ಮ ಕೊಡೆ’ ಎಂಬಲ್ಲಿ ಹಳೆಯ ಅಭ್ಯಾಸ, ಒಂದು ಎಳೆ ಹಿಂದೆ ಸರಿದಳು.

ಡ್ರಮ್ಮಿನವರು ಕಾದರು.

ತಾಳವೇ ತನ್ನ ಬಳಿ ಬಂದು ನಿಂತಿದ್ದು ನೋಡಿ ಅವಳು ಇನ್ನೊಂದು ಎಳೆ ಹಿಂದೆ ಸರಿದಳು. ಡ್ರಮ್ಮಿನವರು ಇನ್ನೂ ಮರ್ಯಾದೆಯಿಂದ ಕಾದರು. ಬಾಗಿಲಲ್ಲಿ ಎದುರಾದ ಇಬ್ಬರು ಸಭ್ಯರು ನೀವು ಮೊದಲು, ಇಲ್ಲ ನೀವು ಮೊದಲು ಎಂದು ನಿಂತುಕೊಂಡ ಹಾಗೆ. ಡಾಕ್ಟರು ಪಿಯಾನೋ ಮೇಲಿಂದ ಕಣ್ಣು ಕೆಂಪು ಮಾಡಿದರು, ಅಗ್ನಿಶಾಮಕದವರು ಅದನ್ನು ಮೆಚ್ಚುಗೆ ಎಂದು ತಿಳಿದು ತಲೆಬಾಗಿದರು. ಕುದುರೆ ಓಡುವುದು ಬಿಟ್ಟು ನಡೆಯಿತು, ನಡೆಯುವುದು ಬಿಟ್ಟು ಎತ್ತಿನಗಾಡಿಯಾಯಿತು. ನಮ್ಮ ಚಪ್ಪಾಳೆಗೆ ದಿಕ್ಕು ತಪ್ಪಿತು. ಒಬ್ಬರು ತಟ್ಟಿದರೆ ಇನ್ನೊಬ್ಬರ ಕೈ ಇನ್ನೂ ಗಾಳಿಯಲ್ಲಿ. ಕೊನೆಗೆ ಎಲ್ಲರೂ ಕೈ ಮಡಿಲಲ್ಲಿ ಇಟ್ಟುಕೊಂಡೆವು. ಕೈಗೆ ಕೆಲಸವಿಲ್ಲದೆ ಹೋದ ಮೇಲೆ, ನಲವತ್ತು ವರ್ಷದಲ್ಲಿ ಮೊದಲ ಸಲ, ಕಿವಿ ಕೆಲಸ ಮಾಡಿತು.

‘ಮಳೆ ನಿಂತು,’ ಎಂದಳು. ಬಹಳ ಹೊತ್ತಿನ ಮೇಲೆ, ‘ಬಿಸಿಲು ಬಂತು.’

ನಡುವೆ ಇದ್ದ ಜಾಗದಲ್ಲಿ ನಮಗೆ ಬಾಗಿಲ ಬಳಿ ಕೂತು ಬೀದಿ ನೋಡುವ ಒಬ್ಬ ಗಂಡಸು ಕಾಣಿಸಿದ. ಕಾಗದ ವಿಂಗಡಿಸುವವನು. ಊರಿಗೆಲ್ಲ ಬಂದ ಕಾಗದ ಅವನ ಕೈಮೇಲೆ ಹೋಗುತ್ತದೆ, ಅವನಿಗೆ ಬೇಕಾದ ಒಂದು ಬರುವುದಿಲ್ಲ. ಇದನ್ನೆಲ್ಲ ಅವಳು ಹಾಡಲಿಲ್ಲ. ಮಾತುಗಳನ್ನು ಒಂದರಿಂದ ಒಂದು ದೂರ ಇಟ್ಟಳು, ಅಷ್ಟೇ.

ಕೊನೆಯ ಚರಣಕ್ಕೆ ಬರುವಷ್ಟರಲ್ಲಿ ಅಗ್ನಿಶಾಮಕದವರು ಕಾಯುವುದನ್ನೂ ಬಿಟ್ಟು ಕೋಲುಗಳನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದರು. ಡಾಕ್ಟರೂ ಕೈ ಎತ್ತಿದರು. ಅವಳೊಬ್ಬಳೇ ಉಳಿದಳು. ‘ಮಕ್ಕಳು,’ ಎಂದು ನಿಲ್ಲಿಸಿದಳು. ಆಗ ಇಡೀ ಸಭಾಂಗಣದ ಕಣ್ಣುಗಳು, ಯಾರೂ ಹೇಳಿಕೊಡದೆ, ಮೊದಲ ಸಾಲಿನ ಶಾಲಿನ ಕಡೆ ತಿರುಗಿದವು. ‘ಮುಟ್ಟದ ಹಾಗೆ,’ ಎಂದಳು. ಸಾಹೇಬರು ಎರಡು ಅಂಗೈಗಳನ್ನೂ ಒಂದಕ್ಕೊಂದು ಒತ್ತಿ ಹಿಡಿದುಕೊಂಡಿದ್ದರು.

ಕೊನೆಯ ಸಾಲು ಮುಗಿದಾಗ ಹನ್ನೊಂದು ನಿಮಿಷವಾಗಿತ್ತು. ನಮ್ಮ ಕೈಗಳು ಮಡಿಲಲ್ಲೇ ಉಳಿದವು. ಆಮೇಲೆ ನಗರಸಭೆಯ ಅಧ್ಯಕ್ಷರು ಎದ್ದು, ಮನರಂಜನೆ ಹೀಗೇ ಮುಂದುವರಿಯುತ್ತದೆ, ಈಗ ಮ್ಯಾಜಿಕ್ ಪ್ರದರ್ಶನ ಎಂದು ಘೋಷಿಸಿದರು. ಮ್ಯಾಜಿಕ್ಕಿನವನು ಟೋಪಿಯಿಂದ ಪಾರಿವಾಳ ತೆಗೆದ. ಅದಕ್ಕೂ ಯಾರೂ ಚಪ್ಪಾಳೆ ತಟ್ಟಲಿಲ್ಲ. ಪಾಪದ ಹಕ್ಕಿ.

ಮಾರನೆಯ ದಿನ ಕಸದ ಗಾಡಿ ಏಳಕ್ಕೆ ಎಂದಿನಂತೆ ಹಾಡುತ್ತ ಬಂತು. ಹೆಂಗಸರು ಡಬ್ಬ ಹಿಡಿದು ಹೊರಗೆ ಬಂದರು, ಸುರಿಯಲಿಲ್ಲ. ಮುಚ್ಚಳ ಕೈಯಲ್ಲಿ ಹಿಡಿದು ನಿಂತುಬಿಟ್ಟರು. ಮೂಲೆಮನೆ ಅಜ್ಜಿ ಸೆರಗಿನಿಂದ ಮೂಗು ಒರೆಸಿಕೊಂಡಳು. ಗಾಡಿಯವನು, “ಅಮ್ಮಾ, ಅಳೋದಾದ್ರೆ ಕಸ ಹಾಕಿ ಅಳಿ, ಇನ್ನೂ ಹದಿನಾಲ್ಕು ಬೀದಿ ಇದೆ,” ಎಂದ. ನಾಲ್ಕನೇ ದಿನ ಅವನೇ ನಗರಸಭೆಗೆ ದೂರು ಕೊಟ್ಟ. ವಾರದೊಳಗೆ ಗಾಡಿಗೆ ಹಾಡು ತೆಗೆದು ಗಂಟೆ ಕಟ್ಟಿದರು. ಮಗಳ ಮದುವೆಯಲ್ಲಿ ಈ ಹಾಡು ಮೂರು ಸಲ ಹಾಡಿಸಿದ್ದ ಬಟ್ಟೆ ಅಂಗಡಿಯವರು ಸಾಹೇಬರ ಮನೆಗೇ ಬಂದರು.

“ಹೋದವರು ಬಾರದೇ ಇರೋ ಹಾಡು ಅಂತ ನೀವಾದ್ರೂ ಒಂದು ಮಾತು ಹೇಳಬಾರದಿತ್ತಾ? ಶುಭಕಾರ್ಯ ಅದು. ಈಗ ಮಗಳು ಫೋನ್ ಎತ್ತದೇ ಇದ್ರೆ ನನಗೆ ಎದೆ ಹೊಡ್ಕೊಳ್ಳುತ್ತೆ.”

“ನಮ್ಮ ಮನೇಲಿ ಕೊಡೆಯೇ ಇರಲಿಲ್ಲ ಕಣ್ರೀ,” ಎಂದರು ಸಾಹೇಬರು. “ರೇನ್‌ಕೋಟು ಇತ್ತು.”

ಅವತ್ತಿನಿಂದ ಸಾಹೇಬರು ತಂಗಿಯ ಜೊತೆ ಮಾತು ಬಿಟ್ಟರು. ಮೂವರೂ ಒಂದೇ ಮೇಜಿಗೆ ಕೂತು ಉಣ್ಣುತ್ತಿದ್ದರು, ಆದರೆ ಮಾತು ಅತ್ತಿಗೆಯ ಮೂಲಕ ಹೋಗಿ ಬರಬೇಕಿತ್ತು.

“ಅವಳಿಗೆ ಹೇಳು, ನಗರಸಭೆಯವರು ಒಪ್ಪಿದ್ದಾರೆ. ಹೊಸದಾಗಿ ರೆಕಾರ್ಡ್ ಮಾಡಿಕೊಟ್ರೆ ಗಾಡಿಗೆ ಮತ್ತೆ ಹಾಡು ಹಾಕ್ತಾರೆ. ಎರಡೂವರೆ ನಿಮಿಷ, ಚಪ್ಪಾಳೆ ಸಮೇತ. ಕೆಡಿಸಿದವಳೇ ಸರಿಮಾಡಬೇಕು.”

ಅತ್ತಿಗೆ ಒಂದು ಮೊಳ ದೂರದಲ್ಲಿ ಕೂತಿದ್ದ ನಾದಿನಿಯ ಕಡೆ ತಿರುಗಿ, “ಕೇಳಿಸ್ತೇನೇ?” ಎಂದಳು.

“ಕೇಳಿಸ್ತು ಅತ್ತಿಗೆ.”

“ಕೇಳಿಸ್ತಂತೆ ರೀ.”

ನಿಧಾನಕ್ಕ ಹಟಮಾರಿಯಲ್ಲ. ಆ ಮನೆ ಬಿಟ್ಟರೆ ಅವಳಿಗೆ ಬೇರೆ ಮನೆ ಗೊತ್ತಿರಲಿಲ್ಲ. ಯಾವ ಸ್ವಿಚ್ಚು ಒತ್ತಿದರೆ ಯಾವ ದೀಪ ಉರಿಯುವುದಿಲ್ಲ ಎಂಬುದು ಕತ್ತಲಲ್ಲೂ ಕೈಗೆ ಗೊತ್ತಿತ್ತು. ಅತ್ತಿಗೆ ಬಂದ ಮೇಲೆ ಅಮ್ಮ ಎಂಬ ಮಾತಿಗೆ ಅವಳ ಮಟ್ಟಿಗೆ ಒಂದು ಮುಖವೂ ಬಂದಿತ್ತು. ಆದ್ದರಿಂದ ಒಂದು ವಾರ ಬೆಳಿಗ್ಗೆ, ಅತ್ತಿಗೆ ಪಾತ್ರೆ ತೊಳೆಯುವಾಗ, ಪಕ್ಕದಲ್ಲಿ ನಿಂತು ಚಪ್ಪಾಳೆ ತಟ್ಟಿಕೊಂಡು ಅಭ್ಯಾಸ ಮಾಡಿದಳು. ಗೋಡೆಯ ಈಚೆ ನಮಗೂ ಕೇಳುತ್ತಿತ್ತು, ಕೇಳಲೆಂದೇ ನಾವು ನಲ್ಲಿ ನಿಲ್ಲಿಸುತ್ತಿದ್ದೆವು. ಮೊದಲ ಚರಣ ಚೆನ್ನಾಗಿಯೇ ಹೋಗುತ್ತಿತ್ತು. ‘ಮಕ್ಕಳು’ ಎಂಬಲ್ಲಿಗೆ ಬಂದರೆ ಚಪ್ಪಾಳೆ ನಿಲ್ಲುತ್ತಿತ್ತು. ಮತ್ತೆ ಮೊದಲಿಂದ. ಮತ್ತೆ ಅಲ್ಲೇ.

ಅಣ್ಣ ಮಾತು ಬಿಟ್ಟ ಒಂಬತ್ತನೇ ದಿನ ರಾತ್ರಿಯೂಟದಲ್ಲಿ ಅವಳು ಹೇಳಿದಳು.

“ಅತ್ತಿಗೆ, ಅಣ್ಣನಿಗೆ ಹೇಳಿ, ನನ್ನಿಂದ ಆಗಲ್ಲ. ಒಂದು ಸಲ ಕೇಳಿಸಿದ ಮೇಲೆ ಕೇಳಿಸಿಲ್ಲ ಅಂತ ಬರೆಯೋಕೆ ನನಗೆ ಬರಲ್ಲ.”

ಸಾಹೇಬರು ತಟ್ಟೆಯಿಂದ ಕೈ ತೆಗೆದರು.

“ಅವಳಿಗೆ ಹೇಳು. ಅಮ್ಮ ಹೋದಾಗ ಅವಳಿಗೆ ನಾಲ್ಕೇ ವರ್ಷ. ಅಪ್ಪ ಈ ಹಾಡು ಹಾಡಿದಾಗ ಪಕ್ಕದಲ್ಲಿ ನಿಂತು ಚಪ್ಪಾಳೆ ತಟ್ಟಿದ್ದು ನಾನು. ತಟ್ಟೋ, ಜೋರಾಗಿ ತಟ್ಟೋ ಅಂದ್ರು. ತಟ್ಟಿದ್ರೆ ಅವರಿಗೆ ನಗು ಬರ್ತಿತ್ತು. ನಿಲ್ಲಿಸಿದ್ರೆ ಬರ್ತಿರಲಿಲ್ಲ. ಅವರು ಸಾಯೋವರೆಗೂ ತಟ್ಟಿದೀನಿ ನಾನು. ಅದು ತಪ್ಪು ಅನ್ನೋದಾದ್ರೆ ಅವಳೇ ಹೇಳಲಿ.”

ಅತ್ತಿಗೆ ಈ ಸಲ ಯಾರಿಗೂ ಏನನ್ನೂ ದಾಟಿಸಲಿಲ್ಲ.

“ತಪ್ಪು ಅಂತ ನಾನು ಅಂದಿಲ್ಲ,” ಎಂದಳು ನಿಧಾನಕ್ಕ, ಉಪ್ಪಿನ ಡಬ್ಬಿಯನ್ನು ನೋಡುತ್ತ. “ಅಣ್ಣ ತಟ್ಟಿದ್ದಕ್ಕೇ ನಾನು ಬೆಳೆದೆ. ಆದ್ರೆ ನನ್ನ ಕೈಯಲ್ಲಿ ಆಗಲ್ಲ.”

“ಹಾಗಾದ್ರೆ ಅವಳು ಬೇರೆ ಕಡೆ ಹಾಡಿಕೊಳ್ಳಲಿ,” ಎಂದರು ಸಾಹೇಬರು. “ಬೇರೆ ಕಡೆ ಇದ್ದುಕೊಂಡು. ದಿನಾ ಅವಳ ಮುಖ ನೋಡಿದ್ರೆ ನನಗೆ ಆ ಹನ್ನೊಂದು ನಿಮಿಷ ಶುರುವಾಗುತ್ತೆ.”

ಅತ್ತಿಗೆ ಎದ್ದು ಮೂರೂ ತಟ್ಟೆ ಎತ್ತಿದಳು. ಇಬ್ಬರದೂ ಅರ್ಧ ಹಾಗೇ ಇತ್ತು.

ಡಾಕ್ಟರ ಕ್ಲಿನಿಕ್ಕಿನ ಮೇಲೆ ಒಂದು ಕೋಣೆ ಖಾಲಿಯಿತ್ತು. ಕೆಳಗಿನಿಂದ ಲವಂಗದೆಣ್ಣೆಯ ವಾಸನೆ, ಆಗಾಗ ಒಂದು ಆರ್ತನಾದ. ಅದು ಬಿಟ್ಟರೆ ಗಾಳಿ, ಬೆಳಕು ಚೆನ್ನಾಗಿತ್ತು. ವಿಷಯ ತಿಳಿದದ್ದೇ ತಡ, ಬೀದಿ ಎದ್ದು ಕೂತಿತು. ನಾವು ಹೇಳಿರಲಿಲ್ಲವೇ, ಡಾಕ್ಟರಿಗೆ ಒಂದು ಕಣ್ಣು ಎಂದು? ಹೋಗಿ ಸಾಹೇಬರಿಗೆ ಒಂದು ಮಾತು ಹೇಳೋಣ, ಅಣ್ಣತಂಗಿ ಹೀಗೆ ಬೇರೆಯಾಗಬಾರದು ಎಂದು ಹತ್ತು ಜನ ಅಂದುಕೊಂಡೆವು. ಹತ್ತು ಜನರಲ್ಲಿ ಒಬ್ಬರೂ ಹೋಗಲಿಲ್ಲ. ಭಾನುವಾರ ಎಷ್ಟು ಗಂಟೆಗೆ ಹೊರಡುತ್ತಾಳೆ ಎಂದು ವಿಚಾರಿಸಲು ಮಾತ್ರ ಹತ್ತೂ ಜನ ಹೋದೆವು.

ಹತ್ತು ಗಂಟೆಗೆ ಹೊರಟಳು. ನಾವು ಕಾಂಪೌಂಡಿನ ಮೇಲೆ ಒಣಗದ ಬಟ್ಟೆಗಳನ್ನು ತಿರುವಿ ಹಾಕುತ್ತ, ನೀರು ಬೇಡದ ಗಿಡಗಳಿಗೆ ನೀರು ಹಾಕುತ್ತ ನಿಂತಿದ್ದೆವು. ಒಂದು ಟ್ರಂಕು, ಟೇಬಲ್ ಫ್ಯಾನು, ಬಟ್ಟೆಯಲ್ಲಿ ಸುತ್ತಿದ ಟೈಪ್‌ರೈಟರು. ಲಿಫ್ಟ್ ಮೆಕ್ಯಾನಿಕ್ಕು ತಳ್ಳುಗಾಡಿ ತಂದಿದ್ದ. ಅತ್ತಿಗೆ ಟ್ರಂಕಿನ ಒಂದು ಹಿಡಿ ಹಿಡಿದಳು, ನಿಧಾನಕ್ಕ ಇನ್ನೊಂದು. ಬಾಗಿಲು ಅಗಲ ಸಾಲದೆ ಅಡ್ಡ ಮಾಡಿ ಹೊರಗೆ ತಂದರು.

“ಚಾದರ ಎರಡು ಇಟ್ಟಿದೀನಿ,” ಎಂದಳು ಅತ್ತಿಗೆ. “ಒಗೆಯೋಕೆ ನನಗೇ ತಂದುಕೊಡು. ಅಲ್ಲಿನ ನೀರು ಗಡಸು.”

“ಬರ್ತೀನಿ ಅತ್ತಿಗೆ. ಶನಿವಾರ ಹೋಟೆಲಿಗೆ ಬನ್ನಿ.”

“ನಿಮ್ಮಣ್ಣನ್ನ ಯಾರು ನೋಡ್ಕೋತಾರೆ?”

“ಕರ್ಕೊಂಡೇ ಬನ್ನಿ.”

ಅತ್ತಿಗೆ ನಕ್ಕಳು, ಆಮೇಲೆ ಆಸ್ಪತ್ರೆಯಲ್ಲಿ ನಕ್ಕರೆ ಬೈಯುತ್ತಾರೆ ಎಂಬಂತೆ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಸಾಹೇಬರು ವರಾಂಡದಲ್ಲಿ ಕುರ್ಚಿ ಹಾಕಿಕೊಂಡು ಪೇಪರು ಓದುತ್ತಿದ್ದರು. ಹತ್ತು ನಿಮಿಷದಿಂದ ಒಂದೇ ಪುಟ. ನಿಧಾನಕ್ಕ ಎದುರು ಹೋಗಿ ನಿಂತಳು. ಪೇಪರು ಇಳಿಯಲಿಲ್ಲ. ಅವಳು ಪೇಪರಿನ ಹಿಂಬದಿಯನ್ನು ಸ್ವಲ್ಪ ಹೊತ್ತು ನೋಡಿ, ಗೇಟಿನ ಕಡೆ ನಡೆದಳು. ತಳ್ಳುಗಾಡಿ ಮುಂದೆ ಹೊರಟಿತು. ಅವಳು ಹೊರಗೆ ಕಾಲಿಟ್ಟು, ಗೇಟಿನ ಮೇಲೆ ಕೈ ಇಟ್ಟು ತಿರುಗಿದಳು.

“ಗೇಟು ಹಾಕ್ಲಾ ಅತ್ತಿಗೆ, ತೆಗೆದೇ ಇರಲಾ?”

ಅತ್ತಿಗೆ ಬಾಯಿ ತೆರೆಯುವಷ್ಟರಲ್ಲಿ ಪೇಪರಿನ ಹಿಂದಿನಿಂದ ಮಾತು ಬಂತು. ಒಂಬತ್ತು ದಿನ, ಅದರ ಮೇಲೆ ಇನ್ನೊಂದು ವಾರ ಕಳೆದ ಮೇಲೆ, ನೇರವಾಗಿ ಅವಳಿಗೇ.

“ತೆಗೆದೇ ಇರಲಿ. ಪೇಪರಿನವನು ಬರಬೇಕು.”

ಅವಳು ಅಣ್ಣನ ಕೈಯಲ್ಲಿದ್ದ ಪೇಪರು ನೋಡಿದಳು. ನಾವೂ ನೋಡಿದೆವು. “ಸರಿ ಅಣ್ಣ,” ಎಂದು ಗೇಟನ್ನು ಗೋಡೆಗೆ ತಾಗುವವರೆಗೂ ಹಿಂದಕ್ಕೆ ಸರಿಸಿ, ಗಾಳಿಗೆ ಮುಚ್ಚಿಕೊಳ್ಳದಂತೆ ಒಂದು ಇಟ್ಟಿಗೆ ಆನಿಸಿಟ್ಟು, ಕೈ ಕೊಡವಿಕೊಂಡು ನಡೆದಳು.